ಬಸ್ಸಿನ ಬೆನ್ನ ಮೇಲಿನ ಸುದ್ದಿ

ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಒಬ್ಬರಿದ್ದರು. ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ಒಂದು ಕಣ್ಣು ಮುಚ್ಚಿ ಅಕ್ಷರ ಅಳೆಯುತ್ತಿದ್ದರು. ಪ್ರತಿ ವರ್ಷ ತಮ್ಮ ಅಂಗಡಿ ತೆರೆದ ತಿಂಗಳು ಬಂದರೆ ಸಾಕು, ಬಾಗಿಲ ಮುಂದಿನ ಕರಿಹಲಗೆಯ ಮೇಲೆ ದಿನಕ್ಕೊಂದು ಸುದ್ದಿ, ಅದಕ್ಕೊಂದು ಚಿತ್ರ. ಚಾ ಅಂಗಡಿ ಅಕ್ಕನ ಎಮ್ಮೆ ಕರು ಹಾಕಿದ್ದನ್ನು ಓಣಿ ಓದಿದ್ದು ಅಲ್ಲೇ. “ನಾಳೆ ಬರೀರಲ್ಲ” ಎಂದರೆ, “ಇವತ್ತಿಂದು ಇವತ್ತ ಆಗ್ಬೇಕ್ರೀ” ಎನ್ನುತ್ತಿದ್ದರು.

ಒಂದು ವರ್ಷ, ಅಂಗಡಿಯ ಹುಟ್ಟುಹಬ್ಬದ ದಿನವೇ ಅವರು ಕೆಲಸಕ್ಕೆಂದು ಗುರುಗುಂಟಾಕ್ಕೆ ಹೋದರು. ಸಂಜೆಯಾದರೂ ಮರಳಲಿಲ್ಲ, ಹಲಗೆ ಖಾಲಿ. ಅಕ್ಕ ಒಲೆ ಬಿಟ್ಟು ರಸ್ತೆಗೇ ಬಂದಳು. “ಒಂದಿನಾನೂ ತಪ್ಪಿಸಿಲ್ಲ. ಇವತ್ತ ತಪ್ಪಿದ್ರ ಈ ಮನುಷ್ಯಾ ಉಣ್ಣಂಗಿಲ್ಲ ನೋಡ್ರಿ!”

ಹೊತ್ತು ಮುಳುಗುವಾಗ ಬಸ್ಸು ಬಂತು. ಪೇಂಟರ್ ಇಳಿದು ಅದರ ಹಿಂಬದಿ ತೋರಿಸಿದರು. ಅಲ್ಲಿ ಸೀಮೆಸುಣ್ಣದ ದುಂಡು ಅಕ್ಷರ: “ಬಸ್ ದಾರ್ಯಾಗ ಕೆಟ್ಟೈತಿ. ನಮ್ಮ ಅಂಗಡಿ ಹುಟ್ಟಿದ ದಿನ ಇವತ್ತ. ಎಲ್ಲಾರೂ ಲಿಂಗಸುಗೂರಿನ ಅಕ್ಕನ ಕಡೆ ಚಾ ಕುಡೀರಿ.” ಕೆಳಗೆ ಬಸ್ಸು ನೂಕುವ ಜನರ ಚಿತ್ರ, ಮುಂದೆ ಡ್ರೈವರನ ಮೀಸೆ.

“ನನ್ ಮೀಸಿ ಇಷ್ಟ್ ಚಂದ ಐತೇನ್ರೀ?” ಎಂದ ಡ್ರೈವರ್ ಅದನ್ನು ಅಳಿಸಗೊಡಲಿಲ್ಲ. ಮರುದಿನ ಬಸ್ಸು ಹಾಗೆಯೇ ಮಸ್ಕಿ, ಸಿಂಧನೂರು ಸುತ್ತಿ ಬಂತು. ಅದರಿಂದ ಇಳಿದ ಅಪರಿಚಿತರಿಬ್ಬರು ನೆಟ್ಟಗೆ ನಮ್ಮ ಓಣಿಗೆ ಬಂದು ಕೇಳಿದರು: “ಅಕ್ಕಾರ, ಚಾ ಇನ್ನೂ ಐತೇನ್ರೀ?”

ಓಣಿಗೆ ಓಣಿಯೇ ನಕ್ಕಿತು. ಪೇಂಟರ್ ಮಾತ್ರ ಕಿವಿಯಿಂದ ಸೀಮೆಸುಣ್ಣ ತೆಗೆದು ಹಲಗೆಯತ್ತ ಹೊರಟೇಬಿಟ್ಟರು: “ಇವತ್ತಿಂದು ಸಿಕ್ತ್ರೀ!”