ಇಲ್ಲದ ಬೆರಳಿನ ನವೆ

ಮಾಸ್ಟರ್ ಅವರ ಎಡಗೈ ತೋರುಬೆರಳು ನಡುಗೆಣ್ಣಿನವರೆಗೆ ಮಾತ್ರ ಇತ್ತು. ಅದರ ತುದಿ ಸವೆದ ಸಾಬೂನಿನ ತುಂಡಿನಂತೆ ನುಣ್ಣಗೆ ಹೊಳೆಯುತ್ತಿತ್ತು. ನವೆ ಎದ್ದಾಗ ಅವರು ಆ ಮೊಂಡು ತುದಿಯನ್ನು ಮುಟ್ಟುತ್ತಿರಲಿಲ್ಲ. ಕೈಯನ್ನು ಮೇಜಿನ ಮೇಲೆ ಊರಿ, ಬೆರಳು ಪೂರ್ತಿ ಇದ್ದಿದ್ದರೆ ಉಗುರು ಎಲ್ಲಿಗೆ ಬರುತ್ತಿತ್ತೋ ಆ ಜಾಗದ ಮರವನ್ನು ಬಲಗೈಯಿಂದ ಪರಪರನೆ ಕೆರೆಯುತ್ತಿದ್ದರು. ಎರಡು ನಿಮಿಷಕ್ಕೆ ಮುಖ ಸಡಿಲವಾಗುತ್ತಿತ್ತು. ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದರು.

ಆಂಧ್ರದ ಗಡಿಯ ರಾಯದುರ್ಗದ ಒಂದು ಜೀನ್ಸ್ ಘಟಕದಲ್ಲಿ ಅವರು ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿಕೊಡುವುದು ನನ್ನ ಕೆಲಸ. ಅವರು ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ನೆಟ್ಟಗೆ ನಿಂತ ಬ್ಲೇಡಿನ ಕತ್ತರಿಸುವ ಯಂತ್ರವನ್ನು ಆ ಗೆರೆಯ ಮೇಲೆ ಹರಿಸುತ್ತಿದ್ದರು. ಅರವತ್ತು ಪದರವಿದ್ದರೂ ಕೊನೆಯ ಪದರ ಮೊದಲನೆಯದರ ಹಾಗೇ ಬರುತ್ತಿತ್ತು. ಬೆರಳು ಹೋದದ್ದು ಅವರು ಈ ಊರಿಗೆ ಬರುವ ಮೊದಲು, ಬೇರೆಲ್ಲೋ. ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. "ಬಟ್ಟೆ ಕತ್ತರಿಸೋವಾಗ ಯೋಚ್ನೆ ಮಾಡ್ಬ್ಯಾಡ. ಗೆರೆ ನೋಡು, ಸಾಕು" ಎನ್ನುವುದೊಂದೇ ಅವರು ನನಗೆ ಹೇಳಿಕೊಟ್ಟ ಪಾಠ.

ಅವರ ಊರು ಮಡಕಶಿರಾ ಕಡೆಯ ಗುಡಿಬಂಡೆ. ನಮ್ಮ ಮಾತು ಅವರಿಗೆ ತಮಾಷೆ. "ನೀವು ರಾಯದುರ್ಗದೋರು ಬೈಯೋವಾಗ್ಲೂ ರೀ ಹಚ್ಚಿ ಬೈತೀರಲ್ಲೋ" ಎಂದು ನಗುತ್ತಿದ್ದರು.

ಆಗ ನಾನು ತತ್ವಶಾಸ್ತ್ರದ ಮಾತುಕತೆ ನಡೆಯುವ ಒಂದು ಆನ್‌ಲೈನ್ ಗುಂಪಿಗೆ ಸೇರಿದ್ದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು ನಾನು. ಇಂಗ್ಲಿಷನ್ನು ನಿಧಾನಕ್ಕೆ ಓದಿ ಅರ್ಥ ಮಾಡಿಕೊಳ್ಳಬಲ್ಲೆ, ಬರೆಯಲು ಕೂತರೆ ಬೆವರುತ್ತೇನೆ. ಆದರೂ ಯಾವ್ಯಾವುದೋ ದೇಶದವರು 'ನಾನು ಯಾರು', 'ಕಾಲ ಎಂದರೇನು' ಎಂದು ಹಟ ಹಿಡಿದು ವಾದಿಸುವುದನ್ನು ಊಟದ ಬಿಡುವಿನಲ್ಲಿ ಓದುತ್ತಾ, ಇವರು ನನ್ನವರು ಅನ್ನಿಸಿತ್ತು. ತಿಂಗಳುಗಟ್ಟಲೆ ಸುಮ್ಮನೆ ಓದಿದೆ. ಕೊನೆಗೊಂದು ದಿನ ಧೈರ್ಯ ಮಾಡಿ ನಾಲ್ಕು ಸಾಲು ಬರೆದೆ. ಒಬ್ಬರು ಮಾತ್ರ ಉತ್ತರಿಸಿದರು: ನೀವು ಏನು ಕೇಳುತ್ತಿದ್ದೀರಿ, ತಿಳಿಯಲಿಲ್ಲ.

ಮುಂದಿನ ಸಲ ನನ್ನ ಸಾಲುಗಳನ್ನು ಫೋನಿನ ಎ.ಐ. ಯಂತ್ರಕ್ಕೆ ಕೊಟ್ಟು ತಿದ್ದಿಸಿದೆ. ಇಂಗ್ಲಿಷು ಫಳಫಳ ಹೊಳೆಯಿತು. ಇದನ್ನು ಮನುಷ್ಯ ಬರೆದಿಲ್ಲ ಎಂದು ಯಾರೋ ದೂರಿದರು. ಗುಂಪು ನೋಡಿಕೊಳ್ಳುವವರು ಅದನ್ನು ಅಳಿಸಿಹಾಕಿದರು.

ಆ ದಿನ ಬುತ್ತಿ ಬಿಚ್ಚದೆ ಕೂತಿದ್ದೆ. ಮಾಸ್ಟರ್ ಬಂದು ಪಕ್ಕದಲ್ಲಿ ಕೂತರು. "ಯಾಕೋ, ಮುಖ ಹಿಂಗ್ ಮಾಡ್ಕಂಡಿದೀಯ?"

ಎಲ್ಲ ಹೇಳಿದೆ. ತತ್ವಶಾಸ್ತ್ರ ಎಂದರೇನೆಂದು ಕೇಳಿದರು. ತಿಳಿದಷ್ಟು ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು.

"ನಿನ್ ಮಾತು ತಗಂಡೋಗಿ ಇಸ್ತ್ರಿ ಮಾಡ್ಸಿ ಕೊಟ್ರೆ, ಅದ್ನ ಯಾರು ಹಾಕ್ಕಂಡಿದ್ರು ಅಂತ ಅವ್ರಿಗೆಂಗೆ ಗೊತ್ತಾಗ್ಬೇಕು? ಸುಕ್ಕಿದ್ರೆ ಇರ್ಲಿ ಬಿಡು, ಹಂಗೇ ಕೊಡು."

"ಏನಂತ ಬರೀಲ್ರಿ ಮಾಸ್ಟರ್?"

"ಕಣ್ಣಿಗೆ ಕಂಡಿದ್ ಬರಿ."

ನನ್ನ ಕಣ್ಣಿಗೆ ಆಗ ಕಂಡದ್ದು ಮೇಜನ್ನು ಕೆರೆಯುತ್ತಿದ್ದ ಅವರ ಕೈ. ನನ್ನ ಮಾಸ್ಟರಿಗೆ ಒಂದು ಬೆರಳಿಲ್ಲ, ಅದು ನವೆಯಾಗುತ್ತದೆ, ಅವರು ಮರವನ್ನು ಕೆರೆದರೆ ನಿಲ್ಲುತ್ತದೆ, ಆ ನವೆ ಎಲ್ಲಿದೆ ಎಂದು ನನ್ನ ಸೊಟ್ಟ ಇಂಗ್ಲಿಷಿನಲ್ಲೇ ಬರೆದೆ. ಮರುದಿನ ನೋಡಿದರೆ ಉತ್ತರಗಳ ಸಾಲೇ ಬಂದಿತ್ತು. ಯಾರೂ ವ್ಯಾಕರಣ ಎತ್ತಿರಲಿಲ್ಲ. ಎಲ್ಲರಿಗೂ ಮಾಸ್ಟರ್ ಬೇಕಾಗಿದ್ದರು. ಕಣ್ಣು ಮುಚ್ಚಿಕೊಂಡು ಕೆರೆದರೂ ನಿಲ್ಲುತ್ತದೆಯೇ? ಬೇರೆಯವರು ಮೇಜು ಕೆರೆದರೆ? ನಾನು ಒಂದೊಂದನ್ನೂ ಕನ್ನಡಕ್ಕೆ ತಂದು ಕೇಳುತ್ತಿದ್ದೆ. ಅವರು ಮಕ್ಕಳ ಹಾಗೆ ಪ್ರಯೋಗ ಮಾಡಿ ನೋಡಿ ಹೇಳುತ್ತಿದ್ದರು. ನಾನು ಕೆರೆದರೆ ನಿಲ್ಲುತ್ತಿರಲಿಲ್ಲ.

ಪ್ರೊಫೈಲಿನಲ್ಲಿ ನೀಲಿ ಲೋಟದ ಚಿತ್ರ ಹಾಕಿಕೊಂಡಿದ್ದ ಒಬ್ಬರು ಒಂದು ದಿನ ಕೇಳಿದರು: ಕನಸಿನಲ್ಲಿ ಅವರಿಗೆ ಆ ಬೆರಳು ಇರುತ್ತದೆಯೇ?

ಅದನ್ನೂ ಮಾಸ್ಟರಿಗೆ ಕೇಳಿದೆ. ಒಂದು ವಾರ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ನಾನು ಬಟ್ಟೆ ಹಾಸುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಬೆರಳು ಐತೆ ಕಣೋ. ಉಗುರು ಉದ್ದಕ್ಕೆ ಬೆಳ್ದೈತೆ. ಇಷ್ಟು ವರ್ಷ ಯಾರೂ ತೆಗ್ದಿಲ್ಲ ನೋಡು."

ಮಧ್ಯಾಹ್ನವೇ ಅದನ್ನು ಗುಂಪಿಗೆ ಬರೆದೆ. ನೂರಾರು ಜನ ಓದಿದರು. ನಿಮ್ಮ ಮಾಸ್ಟರ್ ನಮಗಿಂತ ದೊಡ್ಡ ತತ್ವಜ್ಞಾನಿ ಎಂದರು. ಆ ಹೊಗಳಿಕೆಯಲ್ಲಿ ನನಗೂ ಪಾಲು ಸಿಕ್ಕಿತು. ನನ್ನ ಹೆಸರು ಕಂಡರೆ ಜನ ನಿಂತು ಓದತೊಡಗಿದರು. ನಾನು ಮತ್ತಷ್ಟು ಪ್ರಶ್ನೆಗಳನ್ನು ಹೊತ್ತು ತಂದೆ. ಬೇಡ ಎನ್ನುತ್ತಾರೇನೋ ಎಂದು ಅವರ ಮುಖವನ್ನು ನೋಡಬೇಕಿತ್ತು, ನೋಡಲಿಲ್ಲ.

ಮಾಸ್ಟರ್ ಗೆರೆಯನ್ನು ಬಿಟ್ಟು ಕೈಯನ್ನೇ ನೋಡುತ್ತಾ ನಿಲ್ಲುವುದು ಹೆಚ್ಚಾಯಿತು. ಕತ್ತರಿಸುವ ವೇಗ ತಗ್ಗಿತು. ಒಂದು ದಿನ ಪದರಗಳ ನಟ್ಟನಡುವೆ ಯಂತ್ರ ಆಫ್ ಮಾಡಿ ಹಿಂದೆ ಸರಿದರು. ಇಡೀ ಹಾಲ್‌ನಲ್ಲಿ ಹೊಲಿಗೆ ಯಂತ್ರಗಳ ಸದ್ದು ಮಾತ್ರ ಉಳಿಯಿತು. ಸೂಪರ್‌ವೈಸರ್ ಓಡಿ ಬಂದು, ಏನಾಯಿತೆಂದು ತೆಲುಗಿನಲ್ಲಿ ಕೇಳಿದ: "ಏಮೈಂದಿ ಮಾಸ್ಟರ್?" ಮಾಸ್ಟರ್ ಎಡಗೈಯನ್ನು ಬಲಗೈಯಲ್ಲಿ ಅವುಚಿಕೊಂಡು ನನ್ನ ಕಡೆ ತಿರುಗಿದರು.

"ಈ ಕೈ ಎಲ್ಲಿಗೆ ಮುಗೀತೈತೆ ಅಂತ ಗೊತ್ತಾಗ್ತಿಲ್ಲ ಕಣಪ್ಪ. ಬ್ಲೇಡು ಎಷ್ಟ್ ದೂರ ಐತೆ ಅಂತ ಗೊತ್ತಾಗ್ತಿಲ್ಲ."

ಮುಂದಿನ ವಾರ ಅವರು ಕೆಲಸ ಬಿಟ್ಟು ಊರಿಗೆ ಹೋದರು. ದೃಷ್ಟಿ ಮಂಜಾಗಿದೆ, ವಯಸ್ಸಾಯಿತು ಎಂದು ಘಟಕದಲ್ಲಿ ಮಾತಾಡಿಕೊಂಡರು. ನಾನು ಹೌದ್ರಿ ಹೌದ್ರಿ ಎನ್ನುತ್ತಿದ್ದೆ. ಆ ಗುಂಪಿನ ಕಡೆ ಮತ್ತೆ ತಲೆಹಾಕಲಿಲ್ಲ.

ಎಂಟು ತಿಂಗಳು ಕಳೆದ ಮೇಲೆ ಅವರಿಗೆ ಹುಷಾರಿಲ್ಲವೆಂದು ಗೊತ್ತಾಯಿತು. ಮಡಕಶಿರಾಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು ಗುಡಿಬಂಡೆ ಸೇರಿದೆ. ಅವರ ಹೆಂಡತಿ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಸೊಪ್ಪಿನಿಂದ ತಲೆಯೆತ್ತಿ ನನ್ನನ್ನು ನೋಡಿದರು.

"ಬೆರಳಿನ ವಿಷ್ಯ ಬರ್ಕಂಡೋನು ನೀನೇನಾ? ನಿದ್ದೇನೇ ಮಾಡಲ್ಲ ಕಣಪ್ಪ ಅವ್ರು. ಕೈ ನೋಡ್ಕಂಡು ಕೂತಿರ್ತಾರೆ. ನೀವೆಲ್ಲ ಸೇರಿ ಅವ್ರನ್ನ ಯಾಕೆ ಹಂಗ್ ಕೆಣಕಿದ್ರಿ?"

ಆಮೇಲೆ ಅವರೇ ಸೊಪ್ಪಿನ ರಾಶಿ ಪಕ್ಕಕ್ಕೆ ಸರಿಸಿ, ಒಳಗೆ ಹೋಗಲು ದಾರಿ ಬಿಟ್ಟರು.

ಮಾಸ್ಟರ್ ಗೋಡೆಗೆ ಒರಗಿ ಕೂತಿದ್ದರು. ಎದೆಯ ಕಾಯಿಲೆಯಿಂದ ಅರ್ಧಕ್ಕೆ ಇಳಿದಿದ್ದರು. ನನ್ನನ್ನು ಕಂಡೊಡನೆ ಅವರು ಕೇಳಿದ್ದು, "ನಿನ್ ಗುಂಪ್ನೋರು ಏನಂತಾರೋ?"

"ಬರೆಯೋದು ಬಿಟ್ಟೀನ್ರಿ. ನನ್ನಿಂದ ನಿಮಗ ಹಿಂಗಾತು..."

"ಬಿಟ್ಯಾ?" ಅವರ ಮುಖ ಸಣ್ಣದಾಯಿತು. "ನಾನು ಇಲ್ಲಿ ಯೋಚ್ನೆ ಮಾಡ್ಕಂಡು ಕೂತಿದ್ರೆ, ನೀನು ಬಿಟ್ಯಾ? ಅಲ್ಲೋ, ಇಷ್ಟು ವಯಸ್ಸಿಗೆ ನನ್ನ ಎಲ್ರೂ ಕೇಳಿದ್ದು ಸೈಜು, ಇಲ್ಲ ಎಷ್ಟು ಪೀಸು. ಇಂಥಾದ್ದ ಯಾರು ಕೇಳಿದ್ರು ನನ್ನ?"

ಒಳಗಿನ ಮಾತು ಹೊರಗೆ ಕೇಳಿಸುತ್ತಿತ್ತು. ಅವರ ಹೆಂಡತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದರು. ಇಬ್ಬರಲ್ಲಿ ಯಾರು ಹೇಳಿದ್ದು ನಿಜವೆಂದು ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ನಾನು ಎದ್ದಾಗ ಮಾಸ್ಟರ್ ನನ್ನ ಅಂಗಿಯ ತುದಿ ಹಿಡಿದರು. ಉಸಿರು ಸಾಲದೆ ನಿಂತು ನಿಂತು ಹೇಳಿದರು.

"ಅವ್ರು ಇಷ್ಟು ಕೇಳಿದ್ರು. ನಂದೂ ಒಂದು ಅವ್ರನ್ನ ಕೇಳು. ಬೆರಳು ಹೋಯ್ತು, ನನಗೆ ನವೆ ಆಗ್ತೈತೆ. ನಾನೇ ಹೋದ್ರೆ ಯಾರಿಗೆ ಆಗ್ಬೇಕು?"

ಕೇಳ್ತೀನ್ರಿ ಎಂದು ಬಂದೆ. ಹದಿನೈದು ದಿನಕ್ಕೆ ಅವರ ಮಗಳು ಫೋನ್ ಮಾಡಿದಳು. ನಾನು ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು.

ವಾಪಸ್ ಬಂದವನು ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತರಲು ಕೂತೆ. ಬೆರಳು ನವೆಯಾಗುತ್ತದೆ ಎಂದು ಬರೆಯಲು ಬಂತು. ನನ್ನ ಬೆರಳಲ್ಲಿ ನವೆಯಿದೆ ಎಂದೂ ಬರೆಯಲು ಬಂತು. ಮಾಸ್ಟರ್ ಕೇಳಿದ 'ಯಾರಿಗೆ' ಎಂಬುದು ಮಾತ್ರ ಎಲ್ಲಿಟ್ಟರೂ ನಿಲ್ಲಲಿಲ್ಲ. ಕನ್ನಡದಲ್ಲಿ ನವೆ ಒಬ್ಬರಿಗೆ ಆಗುತ್ತದೆ, ನನ್ನ ಇಂಗ್ಲಿಷಿನಲ್ಲಿ ಆ 'ಗೆ'ಗೆ ಜಾಗ ಸಿಗಲಿಲ್ಲ. ತಿದ್ದಿಕೊಡಲೇ ಎಂದು ಫೋನು ಕೇಳಿತು. ಬೇಡವೆಂದೆ. ಕೊನೆಗೆ ಅವರು ತೀರಿಕೊಂಡರೆಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಅವರ ಮಾತನ್ನು ಕನ್ನಡ ಲಿಪಿಯಲ್ಲೇ ಇಟ್ಟೆ. ಆ ಗುಂಪಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ಯಾರೂ ಅಳಿಸಲಿಲ್ಲ.

ನೀಲಿ ಲೋಟದವರು ಎರಡೇ ಸಾಲು ಬರೆದರು: ನಾನು ಇದನ್ನು ಯಂತ್ರದಿಂದ ಅನುವಾದಿಸಿಕೊಂಡು ಓದುವುದಿಲ್ಲ. ಅವರು ಏನು ಕೇಳಿದರು, ನೀವು ಹೇಳಿ.

ಈಗ ಆ ಮೇಜಿನಲ್ಲಿ ಕಟಿಂಗ್ ಮಾಡುವವನು ನಾನೇ. ಗೆರೆ ನೋಡುತ್ತೇನೆ, ಯೋಚನೆ ಮಾಡುವುದಿಲ್ಲ. ಊಟದ ಬಿಡುವಿನಲ್ಲಿ ನೀಲಿ ಲೋಟದವರಿಗೆ ಉತ್ತರ ಬರೆಯಲು ಫೋನ್ ತೆಗೆಯುತ್ತೇನೆ. 'ಯಾರಿಗೆ' ಎಂಬ ಪ್ರಶ್ನೆಯನ್ನು ಬಿಡಿಸಿ ಹೇಳುವ ಮೊದಲೇ ಬೆರಳು 'ನನಗೆ' ಎಂದು ಕನ್ನಡದಲ್ಲಿ ಬರೆದುಬಿಡುತ್ತದೆ. ಅದನ್ನು ಅಳಿಸಿ ಫೋನ್ ಜೇಬಿಗಿಟ್ಟು ಏಳುತ್ತೇನೆ.