ಸುಟ್ಟ ಚರ್ಚಿನ ಹಿತ್ತಲಲ್ಲಿ ಸಿಕ್ಕ ತಗಡು

ಮಹದೇವ ಮೆಟಲ್ ಡಿಟೆಕ್ಟರ್ ಹಿಡಿದದ್ದು ಹಳೆಯ ನಾಣ್ಯದ ಆಸೆಗಲ್ಲ, ಮನೆಯಲ್ಲಿ ಕೂರಲಾಗದೆ. ಸೀಕಾಕಸ್‌ನ ಅವರ ಅಪಾರ್ಟ್‌ಮೆಂಟಿನಲ್ಲಿ ಆ ಚಳಿಗಾಲ ಮಾತೇ ನಿಂತುಹೋಗಿತ್ತು. ಎಂಟು ತಿಂಗಳು ತುಂಬಿದ ಮಗು ಹೆಂಡತಿ ವಿಜಿಯ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಸ್ಪತ್ರೆಯಲ್ಲಿ ವಿಜಿಗೆ ಕೊಟ್ಟ ಮದ್ದಿನ ಮತ್ತು ಇನ್ನೂ ಇಳಿದಿರಲಿಲ್ಲ, ಆಗಲೇ ನರ್ಸ್ ಬಂದು, ಮುಂದಿನದ್ದನ್ನು ಆಸ್ಪತ್ರೆಯವರೇ ನೋಡಿಕೊಳ್ಳಬಹುದೇ ಎಂದು ಕೇಳಿದಳು. ಪರದೇಶದಲ್ಲಿ ಎಲ್ಲಿ ಮಣ್ಣು ಮಾಡಬೇಕು, ಯಾರನ್ನು ಕೇಳಬೇಕು, ಒಂದೂ ತಿಳಿಯದ ಮಹದೇವ ತಲೆಯಾಡಿಸಿಬಿಟ್ಟ. ಮನೆಗೆ ಬಂದ ಮೇಲೆ ವಿಜಿ ಒಂದೇ ಸಲ ಕೇಳಿದಳು: "ಎಲ್ಲಿ ಇಟ್ರು ರೀ ಅದನ್ನ?"

"ಗೊತ್ತಿಲ್ಲ ವಿಜಿ."

ಅವಳು ಮತ್ತೆ ಕೇಳಲಿಲ್ಲ. ಅದು ಅವನಿಗೆ ಇನ್ನೂ ಕಷ್ಟವಾಯಿತು.

ವಾರವೆಲ್ಲ ಜರ್ಸಿ ಸಿಟಿಯ ಆಫೀಸಿನಲ್ಲಿ ವೈಟುಕೆ ಕೆಲಸ. ಎರಡು ಸಾವಿರದ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳು ದಿಕ್ಕು ತಪ್ಪುತ್ತವೆಂದು ಎಲ್ಲರಿಗೂ ಭಯವಿದ್ದ ಕಾಲ. ಮಹದೇವ ಹಳೆಯ ಪ್ರೋಗ್ರಾಮುಗಳಲ್ಲಿ ತಾರೀಖು ತಿದ್ದುತ್ತಿದ್ದ. ಶನಿವಾರ ಬಂತೆಂದರೆ ಈಶಣ್ಣನ ಕಾರು ಹತ್ತುತ್ತಿದ್ದ. ಈಶಣ್ಣ ಹೋಬೋಕನ್‌ನಲ್ಲಿದ್ದ ರಿಟೈರ್ಡ್ ಎಂಜಿನಿಯರ್, ಮೈಸೂರು ಬಿಟ್ಟು ಮೂವತ್ತು ವರ್ಷವಾಗಿತ್ತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಮಹದೇವನ ಮುಖ ನೋಡಿ, "ನಂಜೊತೆ ಬಾರೋ, ಗಾಳಿಗೆ ಓಡಾಡಿದ ಹಾಗಾಗುತ್ತೆ," ಎಂದು ಕರೆದುಕೊಂಡು ಹೋದವರು ಅವರೇ.

ಡಿಟೆಕ್ಟರ್ ಆಡಿಸಲು ಈಶಣ್ಣ ಆರಿಸುತ್ತಿದ್ದದ್ದು ಬೇರೆಯವರು ಮೂಗು ಮುರಿಯುವ ಜಾಗಗಳನ್ನು. "ಪಾರ್ಕು, ಬೀಚು ಎಲ್ಲ ಜನ ಕೆರೆದು ಮುಗಿಸಿದಾರೆ. ಕಸ ಇರೋ ಕಡೆ ಯಾರಿಗೂ ತಾಳ್ಮೆ ಇರಲ್ಲ. ಹಳೇದೆಲ್ಲ ಅಲ್ಲೇ ಉಳ್ಕೊಂಡಿರೋದು." ಅಂಥ ನೆಲದಲ್ಲಿ ದೊಡ್ಡ ತಟ್ಟೆಯ ಯಂತ್ರ ಒಟ್ಟಿಗೆ ಹತ್ತು ಮೊಳೆಗೆ ಕಿರುಚುತ್ತದೆ. ಅದಕ್ಕೇ ಅಂಗೈಯಗಲದ ತಟ್ಟೆ ಹಾಕಿ, ನೆಲಕ್ಕೆ ತಾಗಿಸಿದಂತೆ ನಿಧಾನವಾಗಿ ಆಡಿಸಬೇಕು. ಮೊಳೆಗೆ ಯಂತ್ರ ಗೊರಗುಟ್ಟುತ್ತದೆ, ಬೆಳ್ಳಿಗೆ ತಿಳಿಯಾಗಿ ಕೂಗುತ್ತದೆ, ನಡುವಿನ ದನಿಯೆಲ್ಲ ಹೆಚ್ಚಾಗಿ ಸೋಡಾ ಕ್ಯಾನಿನ ಮುಚ್ಚಳ ಎಳೆಯುವ ಕಿವಿ. ಮಹದೇವ ಆ ನಡುವಿನ ದನಿಯನ್ನೂ ಬಿಡದೆ ಅಗೆಯುತ್ತಿದ್ದ. ಅಗೆಯುತ್ತಿರುವಷ್ಟು ಹೊತ್ತು ತಲೆಯಲ್ಲಿ ಬೇರೇನೂ ಇರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಅವರು ಜೌಗಿನಂಚಿನ ಒಂದು ಬೀಳುನೆಲಕ್ಕೆ ಹೋದರು. ಹಿಂದೆ ಅಲ್ಲೊಂದು ಚರ್ಚಿತ್ತಂತೆ, ಸುಟ್ಟುಹೋಗಿ ನೂರು ವರ್ಷ ದಾಟಿತ್ತು. ಆಮೇಲೆ ಕಸ ಸುರಿಯುವ ಜಾಗವಾಗಿ, ಈಗ ವೇರ್‌ಹೌಸ್ ಕಟ್ಟಲು ಬೇಲಿ ಹಾಕಿದ್ದರು. ಬೇಲಿಯ ಹರಿದ ಕಡೆಯಿಂದ ಇಬ್ಬರೂ ನುಸುಳಿದರು. ಒಡೆದ ಸೀಸೆ, ಒಲೆಯ ಬೂದಿ, ಸಿಂಪಿ ಚಿಪ್ಪು. ಮಧ್ಯಾಹ್ನದ ಹೊತ್ತಿಗೆ ಮಹದೇವನಿಗೆ ಆಳದಲ್ಲೊಂದು ನಡುವಿನ ದನಿ ಕೇಳಿಸಿತು. ಮೊಣಕೈವರೆಗೆ ಅಗೆದಾಗ ಕೈಗೆ ಬಂದದ್ದು ವೀಳ್ಯದೆಲೆಯಷ್ಟು ದೊಡ್ಡ, ಬೂದುಬಣ್ಣದ ತಗಡು. ಪ್ಯಾಂಟಿಗೆ ಉಜ್ಜಿ ನೋಡಿದ. ಹೂಬಳ್ಳಿಯ ನಡುವೆ ಇಂಗ್ಲಿಷಿನಲ್ಲಿ ಕೊರೆದಿತ್ತು: ನಮ್ಮ ಕಂದ.

ಈಶಣ್ಣ ಕನ್ನಡಕ ಏರಿಸಿ ನೋಡಿ ಮೆತ್ತಗೆ ಹೇಳಿದರು: "ಶವದ ಪೆಟ್ಟಿಗೆ ಮೇಲೆ ಹೊಡೀತಿದ್ರು ಇದನ್ನ. ನಡಿ, ಇಲ್ಲಿ ಬೇಡ."

ಎತ್ತಿದ್ದನ್ನು ಅಲ್ಲೇ ಬಿಡಬೇಕಿತ್ತು. ಮಹದೇವನಿಗೆ ಕೈ ಬಿಡಲಾಗಲಿಲ್ಲ. ಮನೆಗೆ ತಂದು ಸಿಂಕಿನಲ್ಲಿ ತೊಳೆಯುತ್ತಿದ್ದಾಗ ವಿಜಿ ಹಿಂದೆ ಬಂದು ನಿಂತಳು. ಓದಿದಳು. ಅವನು ಎಲ್ಲ ಹೇಳಿದ.

"ಮಗೂದನ್ನ ಕಿತ್ಕೊಂಡು ಬಂದ್ರಾ?" ಎಂದಳು. ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ನಾಳೆ ಕರ್ಕೊಂಡು ಹೋಗಿ ನನ್ನ."

ಮರುದಿನ ಅದೇ ಕುಳಿಯಲ್ಲಿ ತಗಡನ್ನಿಟ್ಟು ವಿಜಿ ಕೈಯಾರೆ ಮಣ್ಣೆಳೆದಳು. ಎದ್ದವಳು ಸುತ್ತ ನೋಡಿದಳು. ಆಚೆ ಬುಲ್ಡೋಜರ್ ನಿಂತಿತ್ತು.

"ಇವರಿಗೆ ಗೊತ್ತೇನ್ರೀ, ಇಲ್ಲಿ ಮಕ್ಕಳಿದಾರೆ ಅಂತ?"

ಸೋಮವಾರ ಬೆಳಗ್ಗೆ ಟೌನ್ ಆಫೀಸಿಗೆ ಫೋನ್ ಮಾಡುತ್ತೇನೆಂದು ಅವಳು ಹೊರಟಾಗ, ಮಹದೇವನಿಂದ ಸುದ್ದಿ ತಿಳಿದ ಈಶಣ್ಣ ಗಾಬರಿಬಿದ್ದು ಅವರ ಮನೆಗೆ ಓಡಿಬಂದರು. "ಬೇಡ ಕಣಮ್ಮ. ಬೇಲಿ ನುಗ್ಗಿ ಅಗೆದಿರೋರು ನಾವು. ಇವನದು ವೀಸಾ ಮೇಲಿನ ಬದುಕು. ನೂರು ವರ್ಷದ ಹಿಂದೆ ಸತ್ತೋರು ಯಾರೋ, ನಮಗ್ಯಾಕೆ?"

"ಯಾರೋ ಅಂತ ಎಲ್ಲರೂ ಅಂದ್ಬಿಟ್ರೆ ಹೇಗೆ ಅಂಕಲ್?"

ಈಶಣ್ಣ ಮಹದೇವನ ಕಡೆ ನೋಡಿದರು. ಮಹದೇವ ಎದ್ದು ಫೋನನ್ನು ವಿಜಿಯ ಕೈಗೆ ಕೊಟ್ಟ. ಆವತ್ತು ಕಾಫಿ ಕುಡಿಯದೆ ಎದ್ದುಹೋದ ಈಶಣ್ಣ ಮತ್ತೆ ಅವರ ಮನೆಗೆ ಬರಲಿಲ್ಲ.

ಪೊಲೀಸರು ಬಂದರು. ಮಹದೇವ ತಾನೊಬ್ಬನೇ ಅಗೆದದ್ದೆಂದು ಹೇಳಿ ಕೋರ್ಟಿನಲ್ಲಿ ತಲೆತಗ್ಗಿಸಿ ನಿಂತ. ಜಡ್ಜ್ ಛೀಮಾರಿ ಹಾಕಿ ಬಿಟ್ಟರು. ವಿಷಯ ಹೇಗೋ ಆಫೀಸಿಗೂ ಮುಟ್ಟಿತು. ಅವನಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕುವ ಮಾತನ್ನು ಕಂಪನಿಯವರು ಮತ್ತೆ ಎತ್ತಲಿಲ್ಲ.

ಬೇಸಿಗೆಯಲ್ಲಿ ವೇರ್‌ಹೌಸಿನ ಕೆಲಸ ನಿಂತು ಬೀಳಿನಲ್ಲಿ ಟೆಂಟು ಎದ್ದಿತು. ಸಣ್ಣ ಕುಂಚ ಹಿಡಿದ ಪುರಾತತ್ವದವರು ಮಣ್ಣು ಬಿಡಿಸತೊಡಗಿದರು. ಪೆಟ್ಟಿಗೆಗಳು ಒಂದರ ಮೇಲೊಂದರಂತೆ ಸಿಕ್ಕವು, ಬಹಳಷ್ಟು ಗಿಡ್ಡವು. ವಿಜಿ ದಿನವೂ ನಡೆದು ಹೋಗಿ ಬೇಲಿ ಹಿಡಿದು ನಿಲ್ಲುತ್ತಿದ್ದಳು. ಒಮ್ಮೆ ಮಹದೇವನೂ ಜೊತೆಗಿದ್ದಾಗ, ಒಳಗಿನಿಂದ ಒಬ್ಬ ಹೆಂಗಸು ನೀರಿನ ಬಾಟಲಿ ತಂದುಕೊಟ್ಟು, "ನಿಮ್ಮ ಬಂಧುಗಳು ಯಾರಾದರೂ ಇದ್ದಾರಾ ಇಲ್ಲಿ?" ಎಂದು ಕೇಳಿದಳು. ವಿಜಿ, ಹೌದು, ಎಂದಳು.

ಮರುದಿನ ಮಹದೇವ ರಜೆ ಹಾಕಿ ಆಸ್ಪತ್ರೆಗೆ ಹೋದ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಲೆದ. ಸಂಜೆ ಒಬ್ಬಳು ಸ್ಮಶಾನವೊಂದರ ಹೆಸರು ಹೇಳಿದಳು: ಅಂಥ ಮಕ್ಕಳನ್ನೆಲ್ಲ ಒಟ್ಟಿಗೆ ಅಲ್ಲಿ ಮಣ್ಣು ಮಾಡಿಸುತ್ತೇವೆ.

ಭಾನುವಾರ ಇಬ್ಬರೂ ಹೋದರು. ಕಲ್ಲಿಲ್ಲ, ಹೆಸರಿಲ್ಲ, ಬರೀ ಹುಲ್ಲು. ಚಳಿಗಾಲದ ಮಕ್ಕಳು ಎಲ್ಲಿ ಎಂದು ಮಹದೇವ ಕೇಳಿದಾಗ ಕಾವಲುಗಾರ ಕೈ ಬೀಸಿ, "ಆ ಪೊದೆಯಿಂದ ಈ ನಲ್ಲಿವರೆಗೆ, ಎಲ್ಲಾದರೂ," ಎಂದ.

ಮಹದೇವ ಆ ಹುಲ್ಲಿನ ಮೇಲೇ ಕೂತು ಅತ್ತ. ಮಗು ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು. ವಿಜಿ ಅವನನ್ನು ಅಳಲು ಬಿಟ್ಟು ಕಾರಿಗೆ ಹೋಗಿ, ಅಂಗಡಿಯಿಂದ ತಂದಿದ್ದ ಗ್ಯಾಲನ್ ಹಾಲಿನ ಕ್ಯಾನ್ ಎತ್ತಿಕೊಂಡು ಬಂದಳು. ಮೂರನೇ ದಿನ ಬಿಡಬೇಕಿದ್ದ ಹಾಲು. ಚಪ್ಪಲಿ ಕಳಚಿ, ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು, ಪೊದೆಯ ಬುಡದಿಂದ ಶುರುಮಾಡಿ ಸಣ್ಣ ಧಾರೆಯಲ್ಲಿ ಸುರಿಯುತ್ತಾ ನಡೆದಳು. ಅರ್ಧ ದಾರಿಗೇ ಹಾಲು ಮುಗಿಯಿತು.

"ಇನ್ನೊಂದು ತರ್ತೀನಿ ಇರು," ಎಂದು ಮಹದೇವ ಕಾರಿನ ಕೀಲಿ ತೆಗೆದುಕೊಂಡ.