ನಮ್ಮ ಮನೆಯವರು ಸೈಕಲ್ ಇಳಿಯದ ದಿನ

ನಮ್ಮ ಮನೆಯವರು ಸೈಕಲ್ ಕೊಂಡದ್ದು ಯುದ್ಧದ ಕಾಲದಲ್ಲಿ. ಸವಣೂರಿನ ಅರಿವೆ ಅಂಗಡಿಯೊಂದರಲ್ಲಿ ಅವರು ಗುಮಾಸ್ತರಾಗಿದ್ದರು. ಸೈಕಲ್ ಹತ್ತುವುದನ್ನು ಬೇಗ ಕಲಿತರು, ಇಳಿಯುವುದು ಮಾತ್ರ ಬಹಳ ದಿನ ಬರಲಿಲ್ಲ. ಕಾಲು ಕೊಡಲು ಕಟ್ಟೆಯೋ ಜಗಲಿಯೋ ಸಿಕ್ಕರೆ ಇಳಿಯುತ್ತಿದ್ದರು, ಸಿಗದಿದ್ದರೆ ಸಿಗುವವರೆಗೂ ಹೋಗುತ್ತಿದ್ದರು. ಒಮ್ಮೆ ಶಿಗ್ಗಾಂವಿಯ ಸಂತೆಯಲ್ಲಿ ನಮ್ಮಪ್ಪ ಎದುರಾದ. ಇವರು ಗಂಟೆ ಬಾರಿಸಿ, ಒಂದು ಕೈಯೆತ್ತಿ ನಮಸ್ಕರಿಸಿ, ಹಾಗೆಯೇ ಮುಂದೆ ಹೋಗಿಬಿಟ್ಟರು.

ನಮ್ಮ ಕಡೆ ಹಿರಿಯರು ಎದುರಾದರೆ ಕುದುರೆಯ ಮೇಲಿದ್ದವರೂ ಇಳಿದು ಮಾತನಾಡಿಸಬೇಕು. ಅಪ್ಪ ಸಂತೆಯನ್ನು ಅರ್ಧಕ್ಕೆ ಬಿಟ್ಟು ನಮ್ಮ ತವರೂರು ದುಂಡಸಿಗೆ ಬಂದು, ವಿಭೂತಿ ಗಟ್ಟಿಯನ್ನು ಮುಟ್ಟಿ ಅವ್ವನಿಗೆ ಹೇಳಿದ: "ಇನ್ನೊಮ್ಮೆ ನನ್ನ ಕಂಡು ಸೈಕಲ್ ಇಳೀಲಿಲ್ಲಂದ್ರ ಮಗಳನ್ನ ಕಳಸೂದಿಲ್ಲ ನೋಡು."

ವಿಭೂತಿ ಮುಟ್ಟಿ ಆಡಿದ ಮಾತನ್ನು ಅಪ್ಪ ಎಂದೂ ಮುರಿದವನಲ್ಲ.

ಆ ವರ್ಷ ಪಂಚಮಿಗೆ ನಾನು ತವರಿಗೆ ಬಂದಿದ್ದೆ. ಉಂಡಿ ತಿಂದದ್ದಾಯಿತು, ಜೋಕಾಲಿ ಆಡಿದ್ದಾಯಿತು. ಆಮೇಲೆ ಸವಣೂರಿನ ನನ್ನ ಒಲೆ, ನಾನೇ ಮಣ್ಣು ಮೆತ್ತಿದ ದೇವರ ಗೂಡು ಕಣ್ಣ ಮುಂದೆ ಬರತೊಡಗಿದವು. ಗಂಡನ ಮನೆಗೆ ಹೋಗಬೇಕೆಂದು ತವರಿನಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? ಶಿವನಿಗೆ ಮಾತ್ರ ಹೇಳಿಕೊಂಡೆ.

ಹೆಂಡತಿಯನ್ನು ಕರೆಯಲು ಬಂದ ಅಳಿಯ ನೇರವಾಗಿ ಮನೆಗೆ ಬರುವಂತಿರಲಿಲ್ಲ. ಊರ ಬಾಗಿಲಿನ ಹಣಮಪ್ಪನ ಗುಡಿಯ ಮುಂದೆ ನಿಂತಿರಬೇಕು. ಹೆಣ್ಣಿನ ಕಡೆಯವರು ಚೊಂಬಿನಲ್ಲಿ ನೀರು ಒಯ್ದು, ಕಾಲು ತೊಳೆದು ಕರೆತರಬೇಕು. ಅಂದು ಸುದ್ದಿ ತಂದವಳು ಪಕ್ಕದ ಮನೆಯ ಅಜ್ಜಿ.

"ನಿನ್ನ ಗಂಡ ಬಂದಾನ, ಏಳ ಯವ್ವಾ! ಗುಡಿ ಕಟ್ಟಿಗೆ ಒಂದ ಕಾಲ ಕೊಟ್ಟು ನಿಂತಾನ. ಥೇಟ್ ನವಾಬ!"

ಅಪ್ಪ ಮುಂದೆ, ಚೊಂಬು ಹಿಡಿದ ಅಜ್ಜಿ ನಡುವೆ, ಸೆರಗು ಹೊದ್ದ ನಾನು ಹಿಂದೆ. ಶ್ರಾವಣದ ಜಿಟಿಜಿಟಿ ಮಳೆ ಅಷ್ಟು ಹೊತ್ತು ನಿಂತಿತ್ತು, ಅದೂ ಶಿವನ ದಯೆಯೇ. ನಮ್ಮ ಮನೆಯವರು ಕಪ್ಪು ಟೊಪ್ಪಿಗೆಯನ್ನು ಓರೆ ಮಾಡಿಕೊಂಡು, ಎಡಗಾಲು ಕಟ್ಟೆಯ ಮೇಲೆ, ಬಲಗಾಲು ಪೆಡಲಿನ ಮೇಲೆ, ಒಂದು ಕೈ ಸೊಂಟಕ್ಕೆ ಕೊಟ್ಟು, ದೂರದ ಜೋಳದ ಹೊಲವನ್ನು ನೋಡುತ್ತಿದ್ದರು.

"ಫೋಟೋದವ ಇನ್ನೂ ಬಂದಿಲ್ಲೇನೋ?" ಎಂದು ಕಟ್ಟೆಯ ಮೇಲಿದ್ದವನೊಬ್ಬ ಕೇಳಿದ.

"ಬರ್ರಿ," ಎಂದ ಅಪ್ಪ.

"ಬಂದೇನ್ರಿ ಮಾವ," ಎಂದರು ಇವರು. ಇಳಿಯಲಿಲ್ಲ.

"ಇಳೀರಿ, ಮನಿಗೆ ಹೋಗೂಣು."

"ಇರಲಿ ಬಿಡ್ರಿ. ಇಲ್ಲಿ ಗಾಳಿ ಭಾಳ ಚಲೋ ಐತಿ."

"ಗಾಳಿ ಮನ್ಯಾಗೂ ಐತಿ."

"ಈ ಗಾಳಿ ಬ್ಯಾರೆ ಐತ್ರಿ."

ಅಪ್ಪನ ಕಿವಿ ಕೆಂಪಾದವು. ಕೈ ಹಣೆಯ ವಿಭೂತಿಯ ಕಡೆಗೆ ಹೋಯಿತು. ನಾನು ತಲೆ ತಗ್ಗಿಸಿದೆ, ತಗ್ಗಿಸಿದ್ದರಿಂದಲೇ ಕಂಡಿತು. ದೋತರದ ನಿರಿಗೆಯ ಅಂಚು ಸೈಕಲ್ಲಿನ ಸರಪಳಿಯೊಳಗೆ ಹೋಗಿ ಸಿಕ್ಕಿಕೊಂಡಿತ್ತು. ಸವಣೂರಿನಿಂದ ದೋತರ ಎತ್ತಿ ಮೊಣಕಾಲಿಗೆ ದಾರ ಕಟ್ಟಿಕೊಂಡು ಬಂದವರು, ಬೀಗರ ಊರಿನಲ್ಲಿ ನಿರಿಗೆ ಪಾದದವರೆಗೆ ಇಳಿದಿರಲಿ ಎಂದು ಊರ ಹತ್ತಿರ ದಾರ ಬಿಚ್ಚಿದ್ದರು. ಈಗ ಇಳಿದರೆ ದೋತರ ಸೈಕಲ್ಲಿನ ಜೊತೆ ಉಳಿಯುತ್ತಿತ್ತು. ಹಣಮಪ್ಪನ ಎದುರು, ಮಾವನ ಎದುರು!

ಅಜ್ಜಿಯ ಕಿವಿಯಲ್ಲಿ ಹೇಳಿದೆ. ಆಕೆ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮಿದಳು. ಆಮೇಲೆ ದೊಡ್ಡ ದನಿ ತೆಗೆದಳು.

"ಯಾಕಪಾ ಸಿಟ್ಟಾಗ್ತಿ? ಹೊಸಾ ಗಾಡಿ ಐತಿ. ಹಣಮಪ್ಪನ ಮುಂದ ಕಾಯಿ ಒಡದು, ಮನಿ ಬಾಗಿಲದಾಗ ಆರತಿ ಆಗೂಮಟಾ ಇಳೀಬಾರದು. ನಮ್ಮ ತವರು ಚಿಕ್ಕೇರೂರಾಗ ಹಂಗ ಪದ್ಧತಿ."

"ಚಿಕ್ಕೇರೂರಾಗ ಸೈಕಲ್ ಎಲ್ಲಿ ಅದಾವಬೇ?"

"ಸೈಕಲ್ ಇಲ್ಲಂದ್ರ ಪದ್ಧತಿ ಇರಬಾರದೇನ?"

ಅಪ್ಪ ಇವರ ಕಡೆ ತಿರುಗಿದ. "ಖರೇ ಏನ್ರಿ?"

"ಹಿರ‍್ಯಾರು ಹೇಳಿದ ಮ್ಯಾಲೆ ನಾ ಏನ ಹೇಳಲಿರಿ?" ಎಂದರು ಇವರು, ಜೋಳದ ಹೊಲವನ್ನು ನೋಡುತ್ತಲೇ.

"ದೇವರ ಕೆಲಸಕ್ಕ ನಾ ಅಡ್ಡ ಬರೂದಿಲ್ಲ. ಆದ್ರ ಆರತಿ ಆದಕೂಡಲೇ ಇಳೀಬೇಕು. ಇಲ್ಲಂದ್ರ ನನ್ನ ಮಾತ ಐತಿ."

ಪೂಜಾರಿ ಬಂದು ಕಾಯಿ ಒಡೆದ. ಹ್ಯಾಂಡಲ್ಲಿಗೆ ವಿಭೂತಿ, ಗಂಟೆಗೆ ಕಣಗಿಲೆ ಹೂವು. ಅಜ್ಜಿ ಕಟ್ಟೆಯ ಮೇಲಿನ ಕಾಲಿಗೂ ಪೆಡಲಿನ ಮೇಲಿನ ಕಾಲಿಗೂ ನೀರು ಹಾಕಿದಳು. ಆಮೇಲೆ ಅಪ್ಪ ಒಂದು ಕಡೆ, ಪೂಜಾರಿ ಒಂದು ಕಡೆ ಹಿಡಿದು ಸೈಕಲ್ಲನ್ನು ತಳ್ಳತೊಡಗಿದರು. ಇವರು ಮೇಲೆ ಕುಳಿತು, ಸೊಂಟದ ಕೈ ತೆಗೆಯದೆ, ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತಾ ಬಂದರು. ಎದುರು ಬಂದ ಎಮ್ಮೆ ತಾನಾಗಿ ದಾರಿ ಬಿಟ್ಟಿತು. ಯಾರೋ ಹೆಂಗಸು ಮನೆಯೊಳಗಿಂದ ಬಂದು ಸೈಕಲ್ಲಿಗೆ ಕೈಮುಗಿದಳು. ನಾನು ಹಿಂದೆ ಹಿಂದೆ ಮಂತ್ರ ಜಪಿಸುತ್ತಿದ್ದೆ. ಬಾಗಿಲು ಹತ್ತಿರವಾದಷ್ಟೂ ಮಂತ್ರ ತಪ್ಪುತ್ತಿತ್ತು.

ಬಾಗಿಲಲ್ಲಿ ಅವ್ವ ಮುಖದ ಮೇಲೆ ಸೆರಗೆಳೆದುಕೊಂಡು ಅಳಿಯನಿಗೂ ಸೈಕಲ್ಲಿಗೂ ಆರತಿ ಎತ್ತಿದಳು.

"ಈಗ ಇಳೀರಿ," ಎಂದ ಅಪ್ಪ.

ಇವರು ಮೊದಲ ಸಲ ನನ್ನ ಕಡೆ ನೋಡಿದರು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿಯ ಪದ್ಧತಿಗಳೂ ಅಲ್ಲಿಗೆ ಮುಗಿದಿದ್ದವು. ಅಷ್ಟರಲ್ಲಿ ಅವ್ವ ಕೂಗಿದಳು: "ಅಯ್ಯ, ರಂಗೋಲಿ ಮ್ಯಾಲೆ ಗಾಲಿ ಹತ್ತಸೀರಿ! ಹಿಂದಕ ಸರಸ್ರಿ, ಹಿಂದಕ!"

ಅಪ್ಪ ಗಾಬರಿಯಿಂದ ಸೈಕಲ್ಲನ್ನು ಹಿಂದಕ್ಕೆ ಎಳೆದ. ಪೆಡಲು ಹಿಂದಕ್ಕೆ ತಿರುಗಿತು, ಸರಪಳಿಯೂ ತಿರುಗಿತು. ನುಂಗಿದ್ದ ನಿರಿಗೆಯನ್ನು ಅದು ಮೆಲ್ಲಗೆ ಹೊರಗೆ ಬಿಟ್ಟಿತು, ಕರಿ ಎಣ್ಣೆಯಲ್ಲಿ ಅದ್ದಿದಂತೆ. ಇವರು ಜಗಲಿಗೆ ಕಾಲು ಕೊಟ್ಟು ಇಳಿದರು. ಇಳಿದು ಅಪ್ಪನ ಕಾಲು ಮುಟ್ಟಿದರು. ಆ ಎಣ್ಣೆ ಒಳ ನಿರಿಗೆಗೆ ಮಾತ್ರ ಹತ್ತಿತ್ತು, ಅವ್ವ ಅಂದೇ ಎಂದಿಗಿಂತ ದೊಡ್ಡ ರಂಗೋಲಿ ಹಾಕಿದ್ದಳು. ಇಂಥ ಸಣ್ಣ ದಯೆಗಳನ್ನು ನಾನು ಈಗಲೂ ಪೂಜೆಯಲ್ಲಿ ನೆನೆಯುತ್ತೇನೆ.

ಮರುದಿನ ಬೆಳಿಗ್ಗೆ ಅಪ್ಪನೇ ನನ್ನ ಟ್ರಂಕನ್ನು ಚಕ್ಕಡಿಯಲ್ಲಿಟ್ಟ. ಇವರು ಪಕ್ಕದಲ್ಲಿ ಸೈಕಲ್ ಹಿಡಿದು, ನಿರಿಗೆ ಇಳಿಬಿಟ್ಟು, ಮತ್ತೆ ಅದೇ ಠೀವಿಯಲ್ಲಿ ಕಾಯುತ್ತಿದ್ದರು. ಅಪ್ಪ ಕಿಸೆಯಿಂದ ಒಂದು ದಾರ ತೆಗೆದು ಅವರ ಮುಂದೆ ಹಿಡಿದ.

"ದೋತರ ಕಟ್ಟಿಕೊಳ್ರಿ. ಸರಪಳಿಗೆ ಚಿಕ್ಕೇರೂರ ಪದ್ಧತಿ ತಿಳಿಯೂದಿಲ್ಲ."

ಅಪ್ಪನಿಗೆ ಯಾವಾಗ ತಿಳಿಯಿತೋ, ನಾನು ಕೇಳಲಿಲ್ಲ. ಬೇಗ ಚಕ್ಕಡಿ ಹತ್ತಿ ಕುಳಿತೆ.